ಬುದ್ಧಿಯ ತಕ್ಕಡಿಗೆ ಅಂಟಿದ ಹುಣಸೆಹಣ್ಣು

1912ರ ಒಂದು ದಿನ. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ವಲಸೆಗಾರರ ಸಾಲು ನಿಂತಿತ್ತು. ಯೂರೋಪಿನಿಂದ ಹಡಗಿನ ಅಗ್ಗದ ದರ್ಜೆಯಲ್ಲಿ ಬಂದ ಬಡವರು. ಅಮೆರಿಕದ ನೆಲ ಮೆಟ್ಟುವ ಮುನ್ನ ಅವರೆಲ್ಲ ವೈದ್ಯರ ಕಣ್ಣೆದುರು ಹಾದುಹೋಗಬೇಕಿತ್ತು. ಕಣ್ಣಿನ ರೋಗವೋ ಹೃದಯದ ರೋಗವೋ ಇದ್ದೀತೆಂಬ ಅನುಮಾನ ಬಂದರೆ ವೈದ್ಯರು ಕೋಟಿನ ಮೇಲೆ ಸೀಮೆಸುಣ್ಣದಿಂದ ಒಂದು ಅಕ್ಷರ ಬರೆಯುತ್ತಿದ್ದರು. ಬುದ್ಧಿಯಲ್ಲಿ ಊನವಿದೆ ಎನ್ನಿಸಿದರೆ ‘ಎಕ್ಸ್’ ಗುರುತು. 1907ರ ಕಾಯಿದೆಯಂತೆ ಮಂದಬುದ್ಧಿಯವರಿಗೆ ಆ ದೇಶದೊಳಗೆ ಪ್ರವೇಶವಿರಲಿಲ್ಲ. ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು ಹೋಗಬೇಕು, ಅಷ್ಟೆ.

ಆ ದಿನ ಅಲ್ಲಿಗೆ ಬಂದಿದ್ದವನು ಹೆನ್ರಿ ಗೊಡಾರ್ಡ್. ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಎಂಬ ಊರಿನಲ್ಲಿ ಬುದ್ಧಿ ಬೆಳೆಯದ ಮಕ್ಕಳ ಶಾಲೆಯೊಂದಿತ್ತು. ಅಲ್ಲಿನ ಸಂಶೋಧನಾ ವಿಭಾಗದ ಮುಖ್ಯಸ್ಥ. ಸಾಲಿನಲ್ಲಿದ್ದ ಒಬ್ಬ ಯುವಕ ಅವನ ಕಣ್ಣಿಗೆ ಮಂದಬುದ್ಧಿಯವನಂತೆ ಕಂಡ. ಪಕ್ಕಕ್ಕೆ ಕರೆದು, ದುಭಾಷಿಯ ಮೂಲಕ ಬುದ್ಧಿ ಪರೀಕ್ಷೆ ಮಾಡಿದ. ಹುಡುಗನ ಮಾನಸಿಕ ವಯಸ್ಸು 8 ವರ್ಷ ಎಂದು ಬಂತು. ಆಗ ದುಭಾಷಿ ಸುಮ್ಮನಿರಲಾರದೆ ಹೇಳಿದನಂತೆ: ಈ ದೇಶಕ್ಕೆ ಬಂದ ಹೊಸದರಲ್ಲಿ ನನಗೂ ಇದು ಆಗುತ್ತಿರಲಿಲ್ಲ. ಪರೀಕ್ಷೆ ನ್ಯಾಯವಾದದ್ದಲ್ಲ ಎಂಬುದು ಅವನ ಅನಿಸಿಕೆ. ಆದರೆ ಗೊಡಾರ್ಡ್ ಮತ್ತು ಜೊತೆಗಿದ್ದವರು ಹುಡುಗ ಮಂದಬುದ್ಧಿಯವನೇ ಎಂದು ದುಭಾಷಿಗೆ ಮನದಟ್ಟು ಮಾಡಿಸಿದರು. ಇದನ್ನು ಬರೆದಿಟ್ಟವನು ಬೇರೆ ಯಾರೂ ಅಲ್ಲ, ಸ್ವತಃ ಗೊಡಾರ್ಡ್. ತನ್ನ ಗೆಲುವಿನ ಕಥೆಯೆಂದೇ ಬರೆದ.

ಮನಶ್ಶಾಸ್ತ್ರದ ಮಾಪನ ವಿಧಾನಗಳ ಬಗ್ಗೆ ಮುಂದೆ ದಪ್ಪ ದಪ್ಪ ಗ್ರಂಥಗಳು ಬಂದವು. ಅವುಗಳಲ್ಲಿ ಚರ್ಚೆಯಾದ ದೊಡ್ಡ ಪ್ರಶ್ನೆಯನ್ನು ಆ ಹೆಸರಿಲ್ಲದ ದುಭಾಷಿ ಅಂದೇ ಎತ್ತಿದ್ದ. ಈ ಪರೀಕ್ಷೆ ಅಳೆಯುತ್ತಿರುವುದು ಬುದ್ಧಿಯನ್ನೋ, ಅಥವಾ ಇನ್ನೇನನ್ನೋ?

ಒಂದೇ ತಕ್ಕಡಿ, ಎರಡು ಪ್ರಶ್ನೆ

ಸಂತೆಯಲ್ಲಿ ತರಕಾರಿ ಕೊಳ್ಳುವವರಿಗೆ ಒಂದು ಹಳೆಯ ಮೋಸ ಗೊತ್ತು. ಮಾಲು ಹಾಕುವ ತಟ್ಟೆಯ ಅಡಿಗೆ ವ್ಯಾಪಾರಿ ಒಂದು ಉಂಡೆ ಹುಣಸೆಹಣ್ಣು ಮೆತ್ತಿರುತ್ತಾನೆ. ಐವತ್ತು ಗ್ರಾಂ ಎನ್ನಿ. ಈರುಳ್ಳಿಯನ್ನು ಹತ್ತು ಸಲ ತೂಗಿಸಿದರೂ ಹತ್ತು ಸಲವೂ ತಕ್ಕಡಿ ಒಂದೇ ತೂಕ ತೋರಿಸುತ್ತದೆ. ‘ಬೇಕಾದರೆ ಇನ್ನೊಂದು ಸಲ ತೂಗಿ ನೋಡಿ’ ಎಂದು ವ್ಯಾಪಾರಿ ಧೈರ್ಯವಾಗಿ ಹೇಳಬಹುದು. ಹೇಳುತ್ತಾನೆ ಕೂಡ. ಗಿರಾಕಿ ಮನೆಗೆ ಬಂದ ಮೇಲೆ ಐವತ್ತು ಗ್ರಾಂ ಕಡಿಮೆ.

ಮತ್ತೆ ಮತ್ತೆ ಅಳೆದಾಗ ಒಂದೇ ಉತ್ತರ ಬರುವುದು ಒಂದು ಗುಣ. ಬಂದ ಉತ್ತರ ನಿಜವಾಗಿರುವುದು ಬೇರೆಯೇ ಗುಣ. ಶಿಕ್ಷಣ ಮನೋವಿಜ್ಞಾನದ ಕನ್ನಡ ಪುಸ್ತಕಗಳಲ್ಲಿ ಮೊದಲನೆಯದಕ್ಕೆ ವಿಶ್ವಸನೀಯತೆ ಎಂದೂ ಎರಡನೆಯದಕ್ಕೆ ಸಪ್ರಮಾಣತೆ ಎಂದೂ ಹೆಸರು. ಸಿಂಧುತ್ವ ಎನ್ನುವವರೂ ಇದ್ದಾರೆ. ಬಿ.ಎಡ್. ಪರೀಕ್ಷೆಗೆ ಇವೆರಡರ ವ್ಯತ್ಯಾಸವನ್ನು ಬಾಯಿಪಾಠ ಮಾಡದ ಮೇಷ್ಟರಿಲ್ಲ. ಪರೀಕ್ಷೆ ಮುಗಿದ ಮೇಲೆ ನೆನಪಿಟ್ಟುಕೊಂಡವರೂ ಹೆಚ್ಚಿಲ್ಲ.

ವಿಶ್ವಸನೀಯತೆಯನ್ನು ಲೆಕ್ಕಕ್ಕೆ ತಂದವನು ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್‌ಮನ್, 1904ರಲ್ಲಿ. (ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಬೆಳೆಸಿದ, 1935ರಲ್ಲಿ ಆಕಾಶವಾಣಿ ಕೇಂದ್ರ ಆರಂಭಿಸಿದ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಓದಿದ್ದು ಇದೇ ಸ್ಪಿಯರ್‌ಮನ್ ಬಳಿ.) ಉಪಾಯ ಸರಳವಾಗಿದೆ. ಒಂದು ಪರೀಕ್ಷೆಯನ್ನು ಅದೇ ಮಕ್ಕಳಿಗೆ ಸ್ವಲ್ಪ ದಿನ ಬಿಟ್ಟು ಮತ್ತೆ ಕೊಡಿ. ಮೊದಲ ಸಲ ಮುಂದಿದ್ದವರು ಎರಡನೆಯ ಸಲವೂ ಮುಂದಿದ್ದರೆ, ಹಿಂದಿದ್ದವರು ಹಿಂದೆಯೇ ಇದ್ದರೆ, ಎರಡು ಸಲದ ಅಂಕಗಳ ನಡುವಿನ ಸಹಸಂಬಂಧ 1ರ ಹತ್ತಿರ ಬರುತ್ತದೆ. ಅಂಕಗಳು ಚೆಲ್ಲಾಪಿಲ್ಲಿಯಾದರೆ 0ಯ ಹತ್ತಿರ. ಎರಡು ಸಲ ಕೊಡಲು ಸಮಯವಿಲ್ಲವೇ? ಬೆಸ ಸಂಖ್ಯೆಯ ಪ್ರಶ್ನೆಗಳ ಅಂಕವನ್ನೂ ಸಮ ಸಂಖ್ಯೆಯ ಪ್ರಶ್ನೆಗಳ ಅಂಕವನ್ನೂ ಬೇರೆ ಬೇರೆ ಕೂಡಿ ಹೋಲಿಸಿದರೂ ಆಯಿತು.

ಪರೀಕ್ಷೆ ಒಂದೇ ಆಗಿದ್ದು ಅಳೆಯುವವರು ಬೇರೆಯಾದಾಗ ಏನಾಗುತ್ತದೆ ಎಂಬುದು ಮೇಷ್ಟರುಗಳಿಗೆ ಸ್ವಲ್ಪ ಮುಜುಗರದ ವಿಷಯ. 1913ರಲ್ಲಿ ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಒಬ್ಬ ವಿದ್ಯಾರ್ಥಿಯ ರೇಖಾಗಣಿತದ ಉತ್ತರಪತ್ರಿಕೆಯ ಪ್ರತಿಗಳನ್ನು ನೂರಕ್ಕೂ ಹೆಚ್ಚು ಗಣಿತ ಶಿಕ್ಷಕರಿಗೆ ಕಳಿಸಿದರು. ಪ್ರಬಂಧವಲ್ಲ, ರೇಖಾಗಣಿತ! ಒಬ್ಬರು 100ಕ್ಕೆ 28 ಕೊಟ್ಟರೆ ಇನ್ನೊಬ್ಬರು 90ರ ಮೇಲೆ ಕೊಟ್ಟಿದ್ದರು. ಆ ಹುಡುಗನ ಗಣಿತಜ್ಞಾನ ಎಷ್ಟೆಂಬುದು ಉತ್ತರಪತ್ರಿಕೆ ಯಾರ ಮೇಜಿಗೆ ಹೋಯಿತು ಎಂಬುದರ ಮೇಲೆ ನಿಂತಿತ್ತು. ನಮ್ಮಲ್ಲಿ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಮಕ್ಕಳಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಇಂಥ ಅಳತೆ ರಬ್ಬರಿನ ಟೇಪಿನಂತೆ, ಎಳೆದಷ್ಟು ಉದ್ದ. ಅದರಿಂದ ನಿಜ ತಿಳಿಯುವ ಆಸೆ ಬೇಡ. ಗಣಿತದ ಲೆಕ್ಕವೂ ಇದನ್ನೇ ಹೇಳುತ್ತದೆ: ಒಂದು ಪರೀಕ್ಷೆಯ ವಿಶ್ವಸನೀಯತೆ 0.49 ಇದ್ದರೆ ಅದರ ಸಪ್ರಮಾಣತೆ ಹೆಚ್ಚೆಂದರೆ ಅದರ ವರ್ಗಮೂಲ, ಅಂದರೆ 0.7. ಆದರೆ ಇದರ ವಿರುದ್ಧ ದಿಕ್ಕಿನ ಮಾತು ನಿಜವಲ್ಲ. ವಿಶ್ವಸನೀಯತೆ ಇದ್ದ ಮಾತ್ರಕ್ಕೆ ಸಪ್ರಮಾಣತೆ ಬರುವುದಿಲ್ಲ. ಮರದ ಅಡಿಕೋಲಿನಿಂದ ಮಗುವಿನ ಪಾದ ಅಳೆದರೆ ಪ್ರತಿಸಲವೂ ಒಂದೇ ಉದ್ದ ಬರುತ್ತದೆ. ಆ ಉದ್ದವನ್ನು ‘ಜಾಣತನ’ ಎಂದು ಕರೆದರೆ ತಪ್ಪು ಅಡಿಕೋಲಿನದಲ್ಲ.

ಪ್ಯಾರಿಸ್ಸಿನಿಂದ ಹೊರಟದ್ದು

ಗೊಡಾರ್ಡನ ಕೈಯಲ್ಲಿದ್ದ ಪರೀಕ್ಷೆ ಅವನದಲ್ಲ. ಫ್ರಾನ್ಸಿನ ಆಲ್ಫ್ರೆಡ್ ಬಿನೆಯದು. ಬಿನೆ ಮೊದಲು ಶಾಲಾಮಕ್ಕಳ ತಲೆಯ ಸುತ್ತಳತೆ ತೆಗೆದವನು. ಆ ಕಾಲಕ್ಕೆ ದೊಡ್ಡ ತಲೆ ಎಂದರೆ ದೊಡ್ಡ ಬುದ್ಧಿ ಎಂಬ ನಂಬಿಕೆ ವಿದ್ವಾಂಸರಲ್ಲಿ ಬಲವಾಗಿತ್ತು. ಅಳೆದು ನೋಡಿದರೆ ಜಾಣ ಮಕ್ಕಳಿಗೂ ದಡ್ಡರೆನಿಸಿಕೊಂಡವರಿಗೂ ಇದ್ದ ವ್ಯತ್ಯಾಸ ಅತ್ಯಲ್ಪ. ಅದಕ್ಕಿಂತ ಹೆಚ್ಚಾಗಿ, ಯಾರು ಜಾಣ ಎಂಬುದು ತನಗೆ ಮೊದಲೇ ಗೊತ್ತಿದ್ದುದರಿಂದ ತನ್ನ ಕೈಯೇ ಅಳತೆಯನ್ನು ಆ ಕಡೆಗೆ ವಾಲಿಸುತ್ತಿದೆಯೇನೋ ಎಂಬ ಅನುಮಾನ ಅವನಿಗೆ ಬಂತು. ತಲೆ ಅಳೆಯುವುದನ್ನು ಬಿಟ್ಟ. ತನ್ನ ಮೇಲೆ ತಾನೇ ಹೀಗೆ ಅನುಮಾನಪಡುವ ಗುಣ ವಿಜ್ಞಾನಿಗಳಲ್ಲಿ ಇರಬೇಕಾದದ್ದು, ಇರುವುದು ಅಪರೂಪ.

1904ರಲ್ಲಿ ಫ್ರೆಂಚ್ ಸರ್ಕಾರ ಒಂದು ಆಯೋಗ ನೇಮಿಸಿತು. ಮಾಮೂಲಿ ತರಗತಿಯಲ್ಲಿ ಪಾಠ ಹತ್ತದ ಮಕ್ಕಳನ್ನು ಗುರುತಿಸಿ ವಿಶೇಷ ನೆರವು ಕೊಡಬೇಕಿತ್ತು. ಇದಕ್ಕಾಗಿ ಬಿನೆ ತನ್ನ ಸಹಾಯಕ ಥಿಯೋಡೋರ್ ಸಿಮೋನ್ ಜೊತೆ ಸೇರಿ 1905ರಲ್ಲಿ 30 ಸಣ್ಣ ಸಣ್ಣ ಕೆಲಸಗಳ ಸರಣಿಯೊಂದನ್ನು ಸಿದ್ಧಪಡಿಸಿದ. ಉರಿಯುವ ಬೆಂಕಿಕಡ್ಡಿಯ ಜೊತೆಗೆ ಕಣ್ಣು ಚಲಿಸುತ್ತದೆಯೇ ಎಂಬಲ್ಲಿಂದ ಹಿಡಿದು, ಹೇಳಿದ ಅಂಕಿಗಳನ್ನು ತಿರುಗಿ ಒಪ್ಪಿಸುವುದು, ಎರಡು ವಸ್ತುಗಳ ವ್ಯತ್ಯಾಸ ಹೇಳುವುದು, ಹೀಗೆ. 1908ರಲ್ಲಿ ಅವನ್ನು ವಯಸ್ಸಿಗೆ ತಕ್ಕಂತೆ ಜೋಡಿಸಿದ. 7 ವರ್ಷದ ಬಹುಪಾಲು ಮಕ್ಕಳು ಮಾಡುವ ಕೆಲಸಗಳಷ್ಟನ್ನೇ ಒಂದು ಮಗು ಮಾಡಿದರೆ ಅದರ ಮಾನಸಿಕ ವಯಸ್ಸು 7.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಬಿನೆಯ ಪರೀಕ್ಷೆ ಅವನ ಉದ್ದೇಶಕ್ಕೆ ಸರಿಯಾಗಿತ್ತು. ಪ್ಯಾರಿಸ್ಸಿನಲ್ಲಿ ಹುಟ್ಟಿ, ಫ್ರೆಂಚ್ ಮಾತಾಡುತ್ತ, ಫ್ರೆಂಚ್ ಶಾಲೆಗೆ ಹೋಗುವ ಮಗುವಿಗೆ ನೆರವು ಬೇಕೇ ಬೇಡವೇ ಎಂದು ಅದು ಹೇಳಬಲ್ಲದು. ಅದು ಹುಟ್ಟಿನಿಂದ ಬಂದ, ಬದಲಾಗದ ಶಕ್ತಿಯ ಅಳತೆಯೆಂದು ಬಿನೆ ಹೇಳಲಿಲ್ಲ. ಹಾಗೆ ಹೇಳುವವರ ಮೇಲೆ 1909ರಲ್ಲಿ ಸಿಟ್ಟಿನಿಂದಲೇ ಬರೆದ. ಸಪ್ರಮಾಣತೆ ಪರೀಕ್ಷೆಗೆ ಹೊಡೆದ ಐಎಸ್‌ಐ ಮುದ್ರೆಯಲ್ಲ, ಎಲ್ಲಿಗೆ ಹೋದರೂ ಜೊತೆಗೆ ಬರಲು. ಯಾರಿಗೆ, ಎಲ್ಲಿ, ಏನು ತೀರ್ಮಾನಿಸಲು ಬಳಸುತ್ತಿದ್ದೇವೆ ಎಂಬುದರ ಜೊತೆಗೆ ಅದು ಹುಟ್ಟುತ್ತದೆ, ಸಾಯುತ್ತದೆ. 1911ರಲ್ಲಿ ಬಿನೆ ತೀರಿಕೊಂಡ. ಅಷ್ಟರಲ್ಲಿ ಅವನ ಪರೀಕ್ಷೆ ಅಟ್ಲಾಂಟಿಕ್ ದಾಟಿತ್ತು.

1913ರಲ್ಲಿ ಗೊಡಾರ್ಡ್ ಇಬ್ಬರು ಸಹಾಯಕಿಯರನ್ನು ಎಲ್ಲಿಸ್ ದ್ವೀಪಕ್ಕೆ ಕಳಿಸಿದ. ಅವರು ಪರೀಕ್ಷಿಸಿದ್ದು 35 ಯೆಹೂದ್ಯರು, 22 ಹಂಗೇರಿಯನ್ನರು, 50 ಇಟಾಲಿಯನ್ನರು ಮತ್ತು 45 ರಷ್ಯನ್ನರು. ನೋಡಿದೊಡನೆ ಸರಿ ಎನ್ನಿಸಿದವರನ್ನೂ ನೋಡಿದೊಡನೆ ಊನ ಕಂಡವರನ್ನೂ ಬಿಟ್ಟು ಉಳಿದವರಲ್ಲಿ ಆರಿಸಿಕೊಂಡದ್ದು. 3 ನಿಮಿಷದಲ್ಲಿ 60 ಪದ ಹೇಳಿ. ಇವತ್ತು ತಾರೀಕು ಎಷ್ಟು? ಈ ಚಿತ್ರ ನೋಡಿ, ಮುಚ್ಚಿಟ್ಟ ಮೇಲೆ ಬರೆದು ತೋರಿಸಿ. ಎರಡು ವಾರ ಸಮುದ್ರದ ಮೇಲೆ ಹೊಯ್ದಾಡಿ ಬಂದವರಿಗೆ, ಕೆಲವರಿಗಂತೂ ಪೆನ್ಸಿಲ್ ಹಿಡಿದೇ ಗೊತ್ತಿಲ್ಲ, ಮುಂದಿನ ಬಾಗಿಲು ತೆರೆಯುತ್ತದೋ ಇಲ್ಲವೋ ಎಂಬ ಭಯದಲ್ಲಿ ನಿಂತವರಿಗೆ ಈ ಪ್ರಶ್ನೆಗಳು. ಮಾನಸಿಕ ವಯಸ್ಸು 12ಕ್ಕಿಂತ ಕೆಳಗೆ ಬಂದರೆ ಮಂದಬುದ್ಧಿ. 1917ರಲ್ಲಿ ಗೊಡಾರ್ಡ್ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಯೆಹೂದ್ಯರಲ್ಲಿ ಶೇ. 83, ಹಂಗೇರಿಯನ್ನರಲ್ಲಿ ಶೇ. 80, ಇಟಾಲಿಯನ್ನರಲ್ಲಿ ಶೇ. 79, ರಷ್ಯನ್ನರಲ್ಲಿ ಶೇ. 87 ಮಂದಬುದ್ಧಿಯವರು.

ಐದರಲ್ಲಿ ನಾಲ್ವರು! ಸಂತೆಯ ತಕ್ಕಡಿ ಹತ್ತು ಜನ ಗಿರಾಕಿಗಳಲ್ಲಿ ಎಂಟು ಜನರ ಮಾಲನ್ನು ಹೀಗೆ ತೂಗಿದ್ದರೆ ಜನ ತಟ್ಟೆಯನ್ನು ತಿರುಗಿಸಿ ನೋಡುತ್ತಿದ್ದರು. ಗೊಡಾರ್ಡನಿಗೂ ಈ ಅಂಕಿಗಳು ಗಂಟಲಲ್ಲಿ ಸಿಕ್ಕಿಕೊಂಡವು. ಪರೀಕ್ಷೆಯಿಂದ ಕೆಲವು ಅಂಶಗಳನ್ನು ತೆಗೆದು ಶೇಕಡಾವಾರನ್ನು ಅರ್ಧದ ಆಸುಪಾಸಿಗೆ ಇಳಿಸಿದ. ಆದರೆ ತಟ್ಟೆಯ ಅಡಿಗೆ ಕೈ ಹಾಕಲಿಲ್ಲ.

ಹದಿನೇಳೂವರೆ ಲಕ್ಷ ಸಿಪಾಯಿಗಳು

1917ರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿದಾಗ ಮನಶ್ಶಾಸ್ತ್ರಜ್ಞ ರಾಬರ್ಟ್ ಯರ್ಕ್ಸ್ ಸೈನ್ಯಕ್ಕೆ ಒಂದು ಸಲಹೆ ಕೊಟ್ಟ: ಸೇರುವ ಪ್ರತಿಯೊಬ್ಬನ ಬುದ್ಧಿಯನ್ನೂ ಅಳೆಯೋಣ. ಸುಮಾರು 17.5 ಲಕ್ಷ ಜನರ ಪರೀಕ್ಷೆ ನಡೆಯಿತು. ಇಂಗ್ಲಿಷ್ ಓದಬಲ್ಲವರಿಗೆ ‘ಆಲ್ಫಾ’, ಓದಲು ಬಾರದವರಿಗೂ ಇಂಗ್ಲಿಷ್ ತಿಳಿಯದವರಿಗೂ ಚಿತ್ರಗಳ ‘ಬೀಟಾ’.

ಆಲ್ಫಾದ ಕೆಲವು ಪ್ರಶ್ನೆಗಳು ಸ್ವಾರಸ್ಯವಾಗಿವೆ. ಕ್ರಿಸ್ಕೋ ಎಂದರೆ ಔಷಧಿಯೋ, ಹಲ್ಲುಜ್ಜುವ ಪೇಸ್ಟೋ, ತಿನ್ನುವ ಪದಾರ್ಥವೋ? ಅದು ಅಡಿಗೆಗೆ ಬಳಸುವ ಒಂದು ಬಗೆಯ ವನಸ್ಪತಿಯ ಬ್ರ್ಯಾಂಡ್. ಕ್ರಿಸ್ಟಿ ಮ್ಯಾಥ್ಯೂಸನ್ ಲೇಖಕನೋ, ಕಲಾವಿದನೋ, ಬೇಸ್‌ಬಾಲ್ ಆಟಗಾರನೋ, ಹಾಸ್ಯನಟನೋ? ಇಟಲಿಯ ರೈತನೊಬ್ಬನನ್ನು ತಂದು ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿ, ‘ಮೈಸೂರು ಸ್ಯಾಂಡಲ್ ತಿಂಡಿಯೋ ಸಾಬೂನೋ? ಜಿ. ಆರ್. ವಿಶ್ವನಾಥ್ ಗಾಯಕರೋ ಕ್ರಿಕೆಟಿಗರೋ?’ ಎಂದು ಕೇಳಿ, ಉತ್ತರ ಬಾರದಿದ್ದರೆ ‘ಹುಟ್ಟು ದಡ್ಡ’ ಎಂದು ಬರೆದುಕೊಂಡರೆ ಹೇಗೋ ಹಾಗೆ. ಬೀಟಾದಲ್ಲಿ ಓದುವ ಗೋಜಿಲ್ಲ ನಿಜ. ಆದರೆ ಅಲ್ಲಿ ಚಿತ್ರದಲ್ಲಿ ಬಿಟ್ಟುಹೋದ ಭಾಗವನ್ನು ಬರೆಯಬೇಕು: ಬಲೆಯಿಲ್ಲದ ಟೆನಿಸ್ ಅಂಗಳ, ಕೊಳವೆಯಿಲ್ಲದ ಗ್ರಾಮಾಫೋನು, ತಂತಿಯಿಲ್ಲದ ವಿದ್ಯುತ್ ಬಲ್ಬು. ಟೆನಿಸ್ ನೋಡಿಯೇ ಇರದವನಿಗೆ ಬಲೆ ಇಲ್ಲದಿರುವುದು ಗೊತ್ತಾಗುವುದಾದರೂ ಹೇಗೆ?

ಇಷ್ಟಾದರೂ ಆಲ್ಫಾದ ವಿಶ್ವಸನೀಯತೆ ಕಡಿಮೆಯೇನೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಕ್ರಿಸ್ಕೋ ಗೊತ್ತಿಲ್ಲದವನಿಗೆ ಮುಂದಿನ ವಾರವೂ ಗೊತ್ತಿರುವುದಿಲ್ಲ. ಅಂಕ ಅಷ್ಟೇ ಬರುತ್ತದೆ. ‘ಬೇಕಾದರೆ ಇನ್ನೊಂದು ಸಲ ತೂಗಿ ನೋಡಿ!’

ಅಮೆರಿಕದ ಬಿಳಿಯ ಸಿಪಾಯಿಗಳ ಸರಾಸರಿ ಮಾನಸಿಕ ವಯಸ್ಸು ಸುಮಾರು 13 ಎಂದು ಲೆಕ್ಕ ಬಂತು. ದೇಶಕ್ಕೆ ದೇಶವೇ ಎಳೆಬುದ್ಧಿಯದೆಂದು ಗಾಬರಿಗೊಂಡವರಿದ್ದರು. ಪತ್ರಕರ್ತ ವಾಲ್ಟರ್ ಲಿಪ್‌ಮನ್ 1922ರಲ್ಲಿ ಇದನ್ನು ಚೆನ್ನಾಗಿಯೇ ಗೇಲಿ ಮಾಡಿದ: ಸರಾಸರಿ ವಯಸ್ಕನ ಬುದ್ಧಿ ಸರಾಸರಿ ವಯಸ್ಕನ ಬುದ್ಧಿಗಿಂತ ಕಡಿಮೆಯಿರಲು ಹೇಗೆ ಸಾಧ್ಯ? ಕೆಟ್ಟಿರುವುದು ಜನವಲ್ಲ, ಅಳತೆಪಟ್ಟಿ ಎಂಬುದು ಅವನ ವಾದ.

ಆದರೆ ಎಲ್ಲಕ್ಕಿಂತ ದೊಡ್ಡ ಸುಳಿವು ಸೈನ್ಯದ ಅಂಕಿಅಂಶಗಳಲ್ಲೇ ಇತ್ತು. ವಲಸೆ ಬಂದ ಸಿಪಾಯಿಗಳನ್ನು ಅಮೆರಿಕದಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಎಂಬುದರ ಪ್ರಕಾರ ವಿಂಗಡಿಸಿ ನೋಡಿದರೆ, 5 ವರ್ಷದೊಳಗೆ ಬಂದವರ ಅಂಕ ತೀರ ಕಡಿಮೆ. ವರ್ಷ ಹೆಚ್ಚಿದಂತೆ ಅಂಕವೂ ಏರುತ್ತ ಹೋಗಿ, 20 ವರ್ಷ ಕಳೆದವರು ಅಲ್ಲೇ ಹುಟ್ಟಿದವರ ಸಮಕ್ಕೆ ಬಂದಿದ್ದರು. ಹುಟ್ಟುಬುದ್ಧಿ ಅಮೆರಿಕದ ಗಾಳಿಗೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುವುದುಂಟೆ? ಭಾಷೆ ಬೆಳೆಯುತ್ತದೆ, ಟೆನಿಸ್ ಬಲೆಯ ಪರಿಚಯ ಬೆಳೆಯುತ್ತದೆ. ಎಲ್ಲಿಸ್ ದ್ವೀಪದ ದುಭಾಷಿ ಹೇಳಿದ್ದು ಇದನ್ನೇ ಅಲ್ಲವೇ?

ಪ್ರಿನ್ಸ್‌ಟನ್ನಿನ ಕಾರ್ಲ್ ಬ್ರಿಗ್‌ಹ್ಯಾಮ್ ಇದೇ ಅಂಕಿಗಳನ್ನು ತೆಗೆದುಕೊಂಡು 1923ರಲ್ಲಿ ಪುಸ್ತಕ ಬರೆದಾಗ ಬೇರೆಯೇ ವಿವರಣೆ ಕೊಟ್ಟ. ಹಿಂದೆ ಬಂದ ವಲಸೆಗಾರರು ಉತ್ತರ ಯೂರೋಪಿನ ಉತ್ತಮ ರಕ್ತದವರು, ಈಚೆಗೆ ಬರುತ್ತಿರುವವರು ಕೀಳು ರಕ್ತದವರು. ಹಾಗಾಗಿ ಅಂಕದಲ್ಲಿ ಈ ವ್ಯತ್ಯಾಸ ಎಂದ. ತಕ್ಕಡಿ ಸರಿಯೆಂದು ಮೊದಲೇ ನಿರ್ಧರಿಸಿಬಿಟ್ಟರೆ ತೂಕದ ವ್ಯತ್ಯಾಸವೆಲ್ಲ ಮಾಲಿನದೇ ಆಗಬೇಕು.

1924ರಲ್ಲಿ ಅಮೆರಿಕದ ಸಂಸತ್ತು ವಲಸೆ ಕಾಯಿದೆ ತಂದಿತು. 1890ರ ಜನಗಣತಿಯಲ್ಲಿದ್ದ ಆಯಾ ದೇಶದವರ ಸಂಖ್ಯೆಯ ಶೇ. 2ರಷ್ಟು ಮಾತ್ರ ವರ್ಷಕ್ಕೆ ಪ್ರವೇಶ. 1890ರಲ್ಲಿ ಪೂರ್ವ ಮತ್ತು ದಕ್ಷಿಣ ಯೂರೋಪಿನವರು ಅಲ್ಲಿ ಕಡಿಮೆ ಇದ್ದರು. ಆ ವರ್ಷವನ್ನು ಹುಡುಕಿ ಆರಿಸಿಕೊಂಡದ್ದೇ ಅದಕ್ಕೆ. (ಭಾರತೀಯರಿಗೆ 1917ರ ಕಾಯಿದೆಯಲ್ಲೇ ಬಾಗಿಲು ಮುಚ್ಚಿತ್ತು.) ಸಂಸತ್ತಿನ ಈ ತೀರ್ಮಾನದಲ್ಲಿ ಬುದ್ಧಿ ಪರೀಕ್ಷೆಯ ಪಾಲು ಎಷ್ಟು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಜಗಳವಿದೆ. ಪರೀಕ್ಷೆ ಇಲ್ಲದಿದ್ದರೂ ಕಾಯಿದೆ ಬರುತ್ತಿತ್ತು ಎನ್ನುವವರ ಮಾತಿನಲ್ಲಿ ಹುರುಳಿದೆ. ಹಾಗೆಂದು ಪರೀಕ್ಷೆ ಮಾಡಿದವರು ಪೂರ್ವಗ್ರಹಕ್ಕೆ ವಿಜ್ಞಾನದ ಅಂಗಿ ಹೊಲಿದುಕೊಟ್ಟದ್ದು ಸುಳ್ಳಾಗುವುದಿಲ್ಲ. ಮುಂದಿನ ದಶಕದಲ್ಲಿ ಹಿಟ್ಲರನಿಂದ ತಪ್ಪಿಸಿಕೊಳ್ಳಲು ಹೊರಟ ಯೆಹೂದ್ಯರಲ್ಲಿ ಅನೇಕರಿಗೆ ಈ ಕೋಟಾವೇ ಅಡ್ಡಗೋಡೆಯಾಯಿತು.

1930ರಲ್ಲಿ ಬ್ರಿಗ್‌ಹ್ಯಾಮ್ ಒಂದು ಲೇಖನ ಬರೆದು ತನ್ನ ಪುಸ್ತಕವನ್ನು ತಾನೇ ತಳ್ಳಿಹಾಕಿದ. ಬೇರೆ ಬೇರೆ ಉಪಪರೀಕ್ಷೆಗಳ ಅಂಕ ಕೂಡಿ ಒಂದೇ ಸಂಖ್ಯೆ ಮಾಡಿದ್ದು ತಪ್ಪು. ಮನೆಯಲ್ಲಿ ಬೇರೆ ಭಾಷೆಯಾಡುವವರನ್ನು ಈ ಪರೀಕ್ಷೆಗಳಿಂದ ಹೋಲಿಸುವಂತಿಲ್ಲ. ತನ್ನ ಅಧ್ಯಯನಕ್ಕೆ ಬುಡವೇ ಇರಲಿಲ್ಲ ಎಂದು ಒಪ್ಪಿಕೊಂಡ. ಗೊಡಾರ್ಡ್ ಕೂಡ 1928ರ ಹೊತ್ತಿಗೆ ತಾನು ವಿರೋಧಿಗಳ ಪಾಳೆಯಕ್ಕೆ ಸೇರಿದಂತಾಯಿತು ಎಂದು ಬರೆದ. ಇಬ್ಬರ ಪ್ರಾಮಾಣಿಕತೆಯನ್ನೂ ಮೆಚ್ಚಬೇಕು. ಆದರೆ ಕಾಯಿದೆ 1965ರವರೆಗೂ ದೇಶವಾರು ಕೋಟಾದ ಮೇಲೆಯೇ ನಡೆಯಿತು.

ಧಾರವಾಡಕ್ಕೆ ಬಂದ ಬಿನೆ

ಬಿನೆಯ ಪರೀಕ್ಷೆಯನ್ನು ಸ್ಟ್ಯಾನ್‌ಫರ್ಡಿನ ಲೂಯಿಸ್ ಟರ್ಮನ್ 1916ರಲ್ಲಿ ಅಮೆರಿಕಕ್ಕೆ ಹೊಂದಿಸಿದ. ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದವರು ಧಾರವಾಡದಲ್ಲಿ ಕೆಲಸ ಮಾಡಿದ ವಿ. ವಿ. ಕಾಮತರು. ಅವರ ಪರಿಷ್ಕರಣೆಯ ವರದಿ 1934ರಲ್ಲಿ ಇಂಗ್ಲೆಂಡಿನ ಶಿಕ್ಷಣ ಮನೋವಿಜ್ಞಾನ ಪತ್ರಿಕೆಯಲ್ಲಿ ಬಂತು. ಭಾರತೀಯ ಮಕ್ಕಳ ಬುದ್ಧಿಯನ್ನು ಅಳೆಯುವ ಬಗೆಗಿನ ಅವರ ಗ್ರಂಥ 1940ರಲ್ಲಿ. ‘ಬಿನೆ-ಕಾಮತ್ ಪರೀಕ್ಷೆ’ ಎಂಬ ಹೆಸರಿನಲ್ಲಿ ಅದು ದೇಶದ ಎಷ್ಟೋ ಆಸ್ಪತ್ರೆಗಳಿಗೆ ಹೋಗಿದೆ. ಇಷ್ಟು ದೊಡ್ಡ ಕೆಲಸ ಕನ್ನಡದ ನೆಲದಲ್ಲಿ ನಡೆದದ್ದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ.

ಪರೀಕ್ಷೆಯೊಂದನ್ನು ಹೀಗೆ ಹೊಸ ನೆಲಕ್ಕೆ ತರುವುದೆಂದರೆ ಬರಿಯ ಅನುವಾದವಲ್ಲ. ಒಂದೇ ಉದಾಹರಣೆ ಸಾಕು. ಟರ್ಮನ್ ಪರೀಕ್ಷೆಯಲ್ಲಿ 7 ವರ್ಷದ ಮಗು 5 ಅಂಕಿಗಳನ್ನು ಕೇಳಿ ಹಾಗೆಯೇ ಒಪ್ಪಿಸಬೇಕು. ಇಂಗ್ಲಿಷಿನಲ್ಲಿ ಒನ್, ಟೂ, ಥ್ರೀ ಎಂದು ಒಂಬತ್ತರವರೆಗೆ ಎಣಿಸಿದರೆ ನಾಲಗೆ ಹೊರಳುವುದು ಹತ್ತು ಸಲ. ಸೆವೆನ್ ಒಂದಕ್ಕೆ ಮಾತ್ರ ಎರಡು. ಕನ್ನಡದಲ್ಲಿ ಒಂದು, ಎರಡು ಎಂದು ಒಂಬತ್ತರವರೆಗೆ ಎಣಿಸಿ ನೋಡಿ: ಇಪ್ಪತ್ತು ಅಕ್ಷರ, ಸರಿಯಾಗಿ ಎರಡು ಪಟ್ಟು. ಇದರಿಂದೇನು ಎನ್ನಬಹುದು. 1980ರಲ್ಲಿ ಎಲಿಸ್ ಮತ್ತು ಹೆನೆಲಿ ಎಂಬಿಬ್ಬರು ಬ್ರಿಟನ್ನಿನ ವೇಲ್ಸ್ ಸೀಮೆಯ ಮಕ್ಕಳು ಅಂಕಿ ಒಪ್ಪಿಸುವುದರಲ್ಲಿ ಹಿಂದೆ ಬೀಳುವುದೇಕೆಂದು ಹುಡುಕಿದರು. ವೇಲ್ಸ್ ಭಾಷೆಯ ಅಂಕಿಗಳನ್ನು ಹೇಳಲು ಹೆಚ್ಚು ಹೊತ್ತು ಹಿಡಿಯುತ್ತಿತ್ತು. ನೆನಪಿನಲ್ಲಿ ಹಿಡಿಯುವುದು ಅಷ್ಟೇ ಹೊತ್ತಿನ ಮಾತು. ಕೊರತೆ ಇದ್ದದ್ದು ಮಕ್ಕಳ ತಲೆಯಲ್ಲಲ್ಲ, ಅಂಕಿಗಳ ಉದ್ದದಲ್ಲಿ.

ಬಿನೆಯ ಪರೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆ: ರೈಲು ತಪ್ಪಿಹೋದರೆ ಏನು ಮಾಡಬೇಕು? ಮುಂದಿನ ರೈಲಿಗೆ ಕಾಯಬೇಕು ಎಂದರೆ ಸರಿ. ದಿನಕ್ಕೆ ಒಂದೇ ಬಸ್ಸು ಬರುವ ಮಲೆನಾಡಿನ ಹಳ್ಳಿಯ ಹುಡುಗನನ್ನು ‘ಬಸ್ಸು ತಪ್ಪಿದರೆ?’ ಎಂದು ಕೇಳಿದರೆ ‘ಮನೆಗೆ ಹೋಗೋದು’ ಎನ್ನುತ್ತಾನೆ. ಅವನ ಊರಿಗೆ ಅದೇ ಬುದ್ಧಿವಂತರ ಉತ್ತರ.

ಇನ್ನೂ ಒಂದು ತೊಡಕಿದೆ. ಅಳತೆಪಟ್ಟಿ ಸರಿಯಾಗಿದ್ದರೂ ಕಾಲ ಅದನ್ನು ಹಳತಾಗಿಸುತ್ತದೆ. 1932ರಿಂದ 1978ರವರೆಗೆ ಅಮೆರಿಕನ್ನರ ಬುದ್ಧಿಲಬ್ಧ ಸುಮಾರು 14 ಅಂಕ ಏರಿತ್ತು ಎಂದು ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದ. ಬೇರೆ ಹಲವು ದೇಶಗಳಲ್ಲೂ ಇಂಥ ಏರಿಕೆ ಕಂಡಿದೆ. ಅಂದರೆ ಅಜ್ಜನ ಕಾಲದ ಸರಾಸರಿಯೊಡನೆ ಮೊಮ್ಮಗನನ್ನು ಹೋಲಿಸಿದರೆ ಮೊಮ್ಮಗನ ಅಂಕ ಸುಮ್ಮನೆ ಉಬ್ಬುತ್ತದೆ. 1930ರ ದಶಕದ ಮಕ್ಕಳ ಮೇಲೆ ನಿಂತ ಬಿನೆ-ಕಾಮತ್ ಪಟ್ಟಿಗೆ ಹೊಸ ಮಾನದಂಡ ಬೇಕು ಎಂದು ಅದನ್ನು ಬಳಸುವ ಮನಶ್ಶಾಸ್ತ್ರಜ್ಞರೇ ಹೇಳುತ್ತ ಬಂದಿದ್ದಾರೆ. ನಿಜವಾಗಿ ನೆರವು ಬೇಕಾದ ಮಗು ಉಬ್ಬಿದ ಅಂಕದಿಂದಾಗಿ ನೆರವಿನ ಗೆರೆಯ ಮೇಲೆ ಉಳಿದುಬಿಡಬಹುದಲ್ಲ!

ಒಂದು ಅಂಕದ ಬೆಲೆ

ಗೆರೆ ಎಂದಮೇಲೆ ಅದರ ಹತ್ತಿರ ನಿಂತವರ ಪಾಡು ನೋಡಬೇಕು. ಒಳ್ಳೆಯ ಬುದ್ಧಿ ಪರೀಕ್ಷೆಯೊಂದರ ವಿಶ್ವಸನೀಯತೆ 0.91 ಎಂದಿಟ್ಟುಕೊಳ್ಳೋಣ. ಬುದ್ಧಿಲಬ್ಧದ ಮಾನಕ ವಿಚಲನೆ 15. ಲೆಕ್ಕ ಹಾಕಿದರೆ ಅಳತೆಯ ದೋಷ 4.5 ಅಂಕ ಬರುತ್ತದೆ. ಅಂದರೆ 70 ಎಂದು ಬರೆದಿರುವಲ್ಲಿ ನಿಜವಾದ ಅಂಕ 65.5ರಿಂದ 74.5ರ ಒಳಗೆ ಎಲ್ಲೋ ಇದೆ. ಅದೂ ಮೂರರಲ್ಲಿ ಎರಡು ಸಲ ಮಾತ್ರ ಇಷ್ಟು ಹತ್ತಿರ.

ಅಮೆರಿಕದಲ್ಲಿ ಬೌದ್ಧಿಕ ಅಸಾಮರ್ಥ್ಯ ಇರುವವರಿಗೆ ಮರಣದಂಡನೆ ಕೂಡದು ಎಂದು ಅಲ್ಲಿನ ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪಿತ್ತಿತು. ಫ್ಲಾರಿಡಾ ರಾಜ್ಯ ಇದಕ್ಕೆ 70ರ ಗೆರೆ ಎಳೆಯಿತು. ಹಾಲ್ ಎಂಬ ಕೈದಿಯ ಅಂಕ ಒಂದು ಪರೀಕ್ಷೆಯಲ್ಲಿ 71 ಬಂದಿತ್ತು. ಒಂದು ಅಂಕ ಹೆಚ್ಚು. ಆದ್ದರಿಂದ ಅವನ ಅಸಾಮರ್ಥ್ಯದ ಬೇರೆ ಸಾಕ್ಷ್ಯ ಕೇಳುವ ಅಗತ್ಯವೇ ಇಲ್ಲ ಎಂದಿತು ರಾಜ್ಯ. 2014ರಲ್ಲಿ ಸುಪ್ರೀಂ ಕೋರ್ಟು, ಐವರು ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ, ಈ ಕ್ರಮವನ್ನು ತಳ್ಳಿಹಾಕಿತು. ಪ್ರತಿ ಅಂಕದ ಹಿಂದೆಯೂ ಅಳತೆಯ ದೋಷವಿರುತ್ತದೆ, ಅದನ್ನು ಬಿಟ್ಟು ಗೆರೆ ಎಳೆಯುವಂತಿಲ್ಲ ಎಂದಿತು. ಸ್ಪಿಯರ್‌ಮನ್ ತೆರೆದ ದಾರಿಯ ಲೆಕ್ಕವೊಂದು ನೇಣಿನ ಪ್ರಶ್ನೆಯಲ್ಲಿ ಸಾಕ್ಷಿಗೆ ನಿಂತಿತು.

ನಮ್ಮಲ್ಲಿ ಇಂಥ ಅಂಕದ ಮೇಲೆ ನಿಂತಿರುವುದು ಪಿಂಚಣಿ, ಬಸ್ ಪಾಸು, ಶಾಲೆಯಲ್ಲಿ ವಿಶೇಷ ನೆರವು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಬೌದ್ಧಿಕ ಅಸಾಮರ್ಥ್ಯವನ್ನು ಬುದ್ಧಿಲಬ್ಧ ಒಂದರಿಂದಲೇ ಗುರುತಿಸುವುದಿಲ್ಲ. ಯೋಚಿಸುವ ಶಕ್ತಿಯ ಜೊತೆಗೆ ದಿನನಿತ್ಯದ ಬದುಕಿಗೆ ಹೊಂದಿಕೊಳ್ಳುವ ಶಕ್ತಿಯನ್ನೂ ನೋಡಬೇಕು ಎನ್ನುತ್ತದೆ. ಈ ಎರಡನೆಯದನ್ನು ನೋಡಲು ನಮ್ಮ ಆಸ್ಪತ್ರೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ‘ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪಕ’. ಹೌದು, ಅದೇ ವೈನ್‌ಲ್ಯಾಂಡ್. ಗೊಡಾರ್ಡ್ ಬಿಟ್ಟುಹೋದ ಸಂಸ್ಥೆಯಲ್ಲಿ ಎಡ್ಗರ್ ಡಾಲ್ 1935ರಲ್ಲಿ ಇದನ್ನು ರೂಪಿಸಿದ. ಇಲ್ಲಿ ಮಗುವಿಗೆ ಒಗಟು ಒಡ್ಡುವುದಿಲ್ಲ. ಅದನ್ನು ದಿನವೂ ನೋಡುವ ತಾಯಿಯನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ಕೇಳುತ್ತಾರೆ: ಕೈ ತೊಳೆದುಕೊಳ್ಳುತ್ತಾನೆಯೇ? ತಾನೇ ಬಟ್ಟೆ ಹಾಕಿಕೊಳ್ಳುತ್ತಾನೆಯೇ?

ಇದೂ ಭಾರತಕ್ಕೆ ಹಾಗೆಯೇ ಬರಲಿಲ್ಲ. ನಾಗಪುರದಲ್ಲಿ ಎ. ಜೆ. ಮಾಲಿನ್ ಇದನ್ನು ಇಲ್ಲಿನ ಮಕ್ಕಳಿಗೆ ಹೊಂದಿಸಬೇಕಾಯಿತು. ಏಕೆಂದರೆ ಡಾಲ್‌ನ ಮೂಲ ಪಟ್ಟಿಯಲ್ಲಿ ಎಂಥ ಪ್ರಶ್ನೆಗಳಿದ್ದವು ಗೊತ್ತೇ? ಸಾಂತಾ ಕ್ಲಾಸ್ ನಿಜಕ್ಕೂ ಇದ್ದಾನೆಂದು ನಂಬುವುದನ್ನು ಮಗು ಬಿಟ್ಟಿದೆಯೇ? ಊಟದ ಮೇಜಿನ ಚಾಕುವಿನಿಂದ ಬ್ರೆಡ್ಡಿಗೆ ಬೆಣ್ಣೆ ಸವರಿಕೊಳ್ಳುತ್ತದೆಯೇ? ಧಾರವಾಡದ ಕಡೆಯ ತಾಯಿಯೊಬ್ಬಳ ಮುಂದೆ ಎರಡನೆಯ ಪ್ರಶ್ನೆಯನ್ನು ಹಾಗೆಯೇ ಇಟ್ಟರೆ, ಕೇಳಿದವರ ಮುಖವನ್ನೊಮ್ಮೆ ನೋಡಿ ಆಕೆ ಏನು ಹೇಳಿಯಾಳು?

‘ನಮ್ಮ ಹುಡುಗ ರೊಟ್ಟಿ ಕೈಲೇ ಮುರಕೊಂಡು ತಿಂತಾನ್ರೀ.’